ಒತ್ತಿದರೆ ನಿಲ್ಲುವ ಗಾಡಿ

ನಮ್ಮ ಬೀದಿಯಲ್ಲಿ ಅವರಿಗೆ ನಿಧಾನಣ್ಣ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಯಾರಾದರೂ ಆ ಹೆಸರು ಹಿಡಿದು ಕರೆದರೆ ಅವರೇ ಹಿಂದೆ ತಿರುಗಿ, ಬೇರೆ ಯಾರನ್ನೋ ಕರೆದಿರಬೇಕು ಎಂದು ನೋಡುತ್ತಿದ್ದರು. ಅವರು ಓಡಿಸುತ್ತಿದ್ದದ್ದು ಹೆಣದ ಗಾಡಿ. ಉದ್ದನೆಯ ಬಿಳಿ ಕಾರು. ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಅಲ್ಲೊಂದು ತಗಡಿನ ಹಾಸು ಕೂರಿಸಿದ್ದರು. ಪಕ್ಕದಲ್ಲಿ ಅಳುವವರು ಇಬ್ಬರು ಒತ್ತಿಕೊಂಡು ಕೂರುವಷ್ಟು ಒಂದು ಬೆಂಚು. ಆ ಗಾಡಿಯನ್ನು ಸೈಕಲ್ಲಿನವರು ಹಿಂದೆ ಹಾಕುತ್ತಿದ್ದರು. ತಲೆಯ ಮೇಲೆ ಮೂಟೆ ಹೊತ್ತವರೂ ಹಿಂದೆ ಹಾಕಿದ್ದನ್ನು ನಾನು ಕಂಡಿದ್ದೇನೆ.

ನಾನು ಗ್ಯಾರೇಜಿನವಳು. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ತಗಡಿನ ಸೂರು, ಕೆಳಗಿಳಿದು ಗಾಡಿಯ ಹೊಟ್ಟೆ ನೋಡಲು ಒಂದು ಗುಂಡಿ, ಎರಡು ಜಾಕು ಮತ್ತು ಅವನದೇ ಬಾಯಿ. ಹೊಸಬರು ಬಂದು "ಮೆಕ್ಯಾನಿಕ್ ಇಲ್ವಾಮ್ಮ?" ಎಂದು ಕೇಳಿದರೆ, "ಇದ್ದಾರೆ. ನಿಮ್ ಎದುರಿಗೇ ನಿಂತು ಕೈ ಒರೆಸ್ಕೊಳ್ತಿದ್ದಾರೆ" ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಹೋಗಲಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನನ್ನ ಸಿಡುಕು ಅಂಥದ್ದು. ನಿಧಾನಣ್ಣ ನನ್ನನ್ನು ತಂಗಿ ಎನ್ನುತ್ತಿದ್ದರು. ನಾನು ಹೆಚ್ಚು ಹಾರಾಡಿದ ದಿನ ಸಿಡುಕಮ್ಮ ಎನ್ನುತ್ತಿದ್ದರು.

ಅಪ್ಪ ಒಂದೇ ಒಂದು ಪಾಠವನ್ನು ಬಾಯಿಬಿಟ್ಟು ಹೇಳಿದ್ದ. ಉಳಿದದ್ದೆಲ್ಲ ನಾನು ನೋಡಿ ಕಲಿತದ್ದು. "ಜನರ ಹತ್ರ ಬೇಕಾದ್ರೆ ಸುಳ್ಳು ಹೇಳ್ಕೋ, ದೇವರು ಕ್ಷಮಿಸ್ತಾನೆ. ಗಾಡಿ ವಿಷಯದಲ್ಲಿ ಮಾತ್ರ ಹೇಳ್ಬೇಡ. ನೀನು ಹೇಳಿದ ಸುಳ್ಳು ನಾಳೆ ನಡುರಸ್ತೇಲಿ ಕೆಟ್ಟು ನಿಲ್ಲುತ್ತೆ." ಈ ಮಾತನ್ನು ನಾನು ಅಪ್ಪನ ಫೋಟೋಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ.

ನಿಧಾನಣ್ಣ ಹುಟ್ಟಾ ನಿಧಾನದವರೇನಲ್ಲ. ಈ ಗಾಡಿಗೂ ಮುಂಚೆ ಅವರು ಲಾರಿಯಲ್ಲಿ ತರಕಾರಿ ಸಾಗಿಸುತ್ತಿದ್ದರಂತೆ. ಟೊಮೇಟೊ ಕೊಳೆಯುವುದರೊಳಗೆ ಮಾರುಕಟ್ಟೆ ಸೇರಿಸುವ ಕೆಲಸ, ಹಗಲು ರಾತ್ರಿ ಓಟ. ಆ ಕೆಲಸ ಹೋಗಿ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು ತನ್ನ ಮಗುವನ್ನು ಹಾಸಿನ ಮೇಲೆ ಮಲಗಿಸಲು ಒಪ್ಪದೆ ಮಡಿಲಲ್ಲೇ ಇಟ್ಟುಕೊಂಡು ಕೂತಳು. ಗಾಡಿ ಒಂದು ಹಳ್ಳಕ್ಕೆ ಇಳಿದು ಎದ್ದಾಗ ಹಿಂದಿನಿಂದ ಅವಳ ದನಿ ಬಂತು: "ಕುಲುಕಬೇಡಪ್ಪಾ, ಎಚ್ಚರ ಆಗ್ಬಿಡುತ್ತೆ." ಅವತ್ತಿನಿಂದ ಅವರ ಬಲಗಾಲು ಬದಲಾಯಿತು. ಇದನ್ನು ನನಗೆ ಹೇಳಿದ್ದು ಅತ್ತಿಗೆ, ಅಂದರೆ ಅವರ ಹೆಂಡತಿ. ಅವರಾಗಿ ಯಾವತ್ತೂ ಹೇಳಲಿಲ್ಲ.

ಹೆಣ ಇದ್ದಾಗ ನಿಧಾನ, ಸರಿ. ಇಳಿಸಿ ಖಾಲಿ ಬರುವಾಗಲೂ ಯಾಕೆ ಅಷ್ಟು ನಿಧಾನ ಎಂದು ಒಮ್ಮೆ ಕೇಳಿದ್ದೆ. "ಅವರೆಲ್ಲ ಅಲ್ಲೇ ನಿಂತು ನೋಡ್ತಿರ್ತಾರೆ ತಂಗಿ. ನಾನು ಬುರ್ರ್ ಅಂತ ಹೊರಟ್ರೆ ಹೇಗಿರುತ್ತೆ? ಪೀಡೆ ತೊಲಗ್ತು ಅಂತ ಓಡಿದ ಹಾಗಿರುತ್ತೆ" ಎಂದರು. ಹೋಗಲಿ, ಅತ್ತಿಗೆಯನ್ನು ಕೂರಿಸಿಕೊಂಡು ಸಂತೆಗೆ ಹೋಗುವಾಗ? "ಕಾಲಿಗೆ ಅಭ್ಯಾಸ ಆಗ್ಹೋಗಿದೆ. ಅದಕ್ಕೆ ಯಾವ ದಿನ ಯಾರು ಅಂತ ಗೊತ್ತಾಗಲ್ಲ." ಹೀಗೆ ಆ ಕಾರು ನಮ್ಮ ಊರಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಒಂದೇ ವೇಗದಲ್ಲಿ ಓಡಾಡಿತು.

ನಾನು ಸುಮ್ಮನಿರಲಿಲ್ಲ. ಎಣ್ಣೆ ಬದಲಿಸಲು ಬಂದಾಗಲೆಲ್ಲ ಹೇಳುತ್ತಿದ್ದೆ: "ಅಣ್ಣಾ, ಆಗಾಗ ಊರಾಚೆ ದೊಡ್ಡ ರಸ್ತೆಗೆ ತಗೊಂಡು ಹೋಗಿ ಜೋರಾಗಿ ಓಡಿಸಿ. ಎಂಜಿನ್ ಚೆನ್ನಾಗಿ ಬಿಸಿ ಆದ್ರೆ ಒಳಗಿನ ಮಸಿ ತಾನೇ ಸುಟ್ಟು ಹೋಗುತ್ತೆ. ಹೀಗೆ ಆಮೆ ಥರ ಓಡಾಡ್ತಿದ್ರೆ ಒಂದಿನ ಗಂಟಲು ಕಟ್ಟುತ್ತೆ."

"ನನ್ನ ಗಿರಾಕಿಗಳಿಗೆ ಏನವಸರ ಹೇಳು" ಎಂದು ನಗುತ್ತಿದ್ದರು.

ಅತ್ತಿಗೆ ಇದ್ದರೆ ಅವರೂ ಸೇರಿಕೊಳ್ಳುತ್ತಿದ್ದರು. "ನಮ್ಮೋರ ಗಾಡಿ ಹತ್ತಿದವರು ಇವತ್ತಿನವರೆಗೂ ಒಬ್ರೂ ದೂರು ಹೇಳಿಲ್ಲ ಕಣೇ. ನಿನ್ ಗಿರಾಕಿಗಳ ಥರ ಅಲ್ಲ."

ಅತ್ತಿಗೆ ಮನೆಯಲ್ಲೇ ಕೈಚೀಲ ಹೊಲಿಯುತ್ತಿದ್ದರು. ಅವರ ಮನೆ ನನ್ನ ಗ್ಯಾರೇಜಿನಿಂದ ನಾಲ್ಕು ಬಾಗಿಲು ಆಚೆ. ಹೊಲಿಗೆ ಯಂತ್ರ ಕಿಟಕಿಯ ಪಕ್ಕಕ್ಕಿತ್ತು. ಯಂತ್ರದ ಸದ್ದು ನಿಂತರೆ ಅತ್ತಿಗೆ ದಾರ ಪೋಣಿಸುತ್ತಿದ್ದಾರೆ ಅಥವಾ ಬೀದಿಯಲ್ಲಿ ಏನೋ ನೋಡುತ್ತಿದ್ದಾರೆ ಎಂದು ಅರ್ಥ. ಗಾಡಿಯನ್ನು ಅವರು ಸವತಿ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ನಿಧಾನಣ್ಣ ಮೊದಲು ಒರೆಸುತ್ತಿದ್ದದ್ದು ಅದನ್ನು. ಹಿಂದಿನ ಹಾಸು, ಬೆಂಚು, ಬಾಗಿಲಿನ ಹಿಡಿ, ಗಾಜು, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದರು. "ನನ್ನ ಸವತಿಗೆ ದಿನಾ ಸ್ನಾನ. ನನಗೆ ಒಂದು ಬಕೆಟ್ ನೀರು ಕಾಯಿಸಿ ಕೊಟ್ಟಿದ್ದಾರಾ ಕೇಳು" ಎಂದು ಕಿಟಕಿಯಿಂದಲೇ ಕೂಗುತ್ತಿದ್ದರು. ಮಕ್ಕಳಿರಲಿಲ್ಲ. ಇಬ್ಬರ ನಡುವೆ ಮಾತಿಗೆ, ಜಗಳಕ್ಕೆ, ನಗುವುದಕ್ಕೆ ಆ ಗಾಡಿಯೇ ಆಗಿತ್ತು.

ಬೀದಿಯವರು ಅವರನ್ನು ಕಂಡರೆ ಗೌರವವಾಗಿ ಮಾತಾಡುತ್ತಿದ್ದರು, ನಿಜ. ಆದರೆ ಯಾರೂ ತಮ್ಮ ಮನೆ ಮುಂದೆ ಆ ಗಾಡಿ ನಿಲ್ಲಿಸಲು ಬಿಡುತ್ತಿರಲಿಲ್ಲ. ಮದುವೆ ಮನೆಯವರು ಕರೆಯುತ್ತಿದ್ದರು, ಕರೆದು "ಗಾಡಿ ತರಬೇಡಿ" ಎನ್ನುತ್ತಿದ್ದರು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಇವರೆಲ್ಲ ಒಂದು ದಿನ ಆ ಹಾಸಿನ ಮೇಲೇ ಮಲಗಬೇಕಾದವರು ತಾನೇ?

ಅವರು ಪ್ರತಿ ಸಲ ಹೊರಟಾಗಲೂ ಅತ್ತಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು "ನಿಧಾನವಾಗಿ ಹೋಗ್ರೀ" ಎನ್ನುತ್ತಿದ್ದರು. ಇಡೀ ಬೀದಿ ನಗುತ್ತಿತ್ತು. ಇಸ್ತ್ರಿ ಅಂಗಡಿಯವಳು ಒಮ್ಮೆ ಕೇಳಿಯೇಬಿಟ್ಟಳು: "ಅಕ್ಕಾ, ಇದಕ್ಕಿಂತ ನಿಧಾನ ಅಂದ್ರೆ ರಿವರ್ಸಲ್ಲಿ ಹೋಗ್ಬೇಕಾಗುತ್ತೆ!"

ಅದು ನಡೆದದ್ದು ಹಗಲು ಹೊತ್ತು, ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ. ನಾನು ಒಂದು ಬೇರಿಂಗ್ ಹುಡುಕಿಕೊಂಡು ಊರಿನ ಇನ್ನೊಂದು ತುದಿಯ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಮುಂದಿನದನ್ನು ಇಸ್ತ್ರಿ ಅಂಗಡಿಯವಳ ಬಾಯಿಂದ ಕೇಳಿದ್ದೇನೆ, ನಿಧಾನಣ್ಣನ ಬಾಯಿಂದ ತುಣುಕು ತುಣುಕಾಗಿ ಕೇಳಿದ್ದೇನೆ.

ಹೊಲಿಗೆ ಯಂತ್ರದ ಸದ್ದು ನಿಂತಿತು. ಮತ್ತೆ ಶುರುವಾಗಲಿಲ್ಲ. ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ನಿಧಾನಣ್ಣ ಒಳಗೆ ಹೋಗಿ ನೋಡಿದರೆ ಅತ್ತಿಗೆ ಯಂತ್ರದ ಮೇಲೆ ಒರಗಿ ಎದೆ ಒತ್ತಿಕೊಂಡಿದ್ದಾರೆ, ಬೆವರಿಗೆ ರವಿಕೆ ತೊಯ್ದಿದೆ. ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಎಲ್ಲೋ ದೂರ ಅಪಘಾತವಾದ ಕಡೆ ಹೋಗಿತ್ತು, ಕಾಯಿರಿ ಎಂದರು. ಹೇಗೆ ಕಾಯುವುದು? ಬೀದಿಯಲ್ಲಿ ಇದ್ದದ್ದು ಒಂದೇ ಗಾಡಿ.

ಮಲಗಿಸಿಕೊಂಡು ಹೋಗೋಣ ಎಂದು ನಿಧಾನಣ್ಣ ಹಿಂದಿನ ಬಾಗಿಲು ತೆಗೆದರು. ಇಸ್ತ್ರಿ ಅಂಗಡಿಯವಳ ಹೆಗಲು ಹಿಡಿದು ನಿಂತಿದ್ದ ಅತ್ತಿಗೆ ಆ ಹಾಸನ್ನು ನೋಡಿ ತಲೆ ಅಲ್ಲಾಡಿಸಿದರಂತೆ. "ಅಲ್ಲಿ ಆಮೇಲೆ ಮಲಗ್ತೀನಿ. ಈಗ ಮುಂದೆ ಕೂರ್ತೀನಿ." ಅಂಥ ನೋವಿನಲ್ಲೂ ಅವರ ಬಾಯಲ್ಲಿ ತಮಾಷೆ. ಮುಂದೆ, ಸಂತೆಗೆ ಹೋಗುವಾಗ ಕೂರುತ್ತಿದ್ದ ಜಾಗದಲ್ಲೇ ಕೂತರು.

ಆಸ್ಪತ್ರೆಗೆ ಹೋಗಬೇಕಾದರೆ ರೈಲು ಹಳಿಯ ಮೇಲಿನ ಸೇತುವೆ ದಾಟಬೇಕು. ಬೀದಿ ದಾಟುತ್ತಿದ್ದಂತೆ ನಿಧಾನಣ್ಣ ಆಕ್ಸಿಲರೇಟರನ್ನು ಒತ್ತಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಾಲು ಪೂರ್ತಿ ಕೆಳಗೆ ಹೋಯಿತು. ಗಾಡಿ ಒಮ್ಮೆ ಮುಗ್ಗರಿಸಿ ನಿಂತುಹೋಯಿತು. ಸ್ಟಾರ್ಟ್ ಮಾಡಿದರು, ಒತ್ತಿದರು, ಮತ್ತೆ ನಿಂತಿತು. ಹೀಗೇ ಎಳೆದಾಡುತ್ತ ಸೇತುವೆಯ ಏರು ಹತ್ತಿ ಅರ್ಧಕ್ಕೆ ಬಂದಾಗ ಪೂರ್ತಿ ನಿಂತೇಬಿಟ್ಟಿತು. ಬಿಡುವು ಕೊಡದೆ ಕೀಲಿ ತಿರುಗಿಸಿದರು, ಏಳಲಿಲ್ಲ.

ಸುತ್ತ ಗಾಡಿಗಳಿದ್ದವು, ಜನರಿದ್ದರು. ಬೇರೆ ಯಾವ ಕಾರು ಹಾಗೆ ನಿಂತಿದ್ದರೂ ಹಾರ್ನ್ ಹೊಡೆದು ಬೈಯುತ್ತಿದ್ದರು, ಇಳಿದು ಬಂದು ಏನಾಯಿತು ಎನ್ನುತ್ತಿದ್ದರು. ನಿಂತಿದ್ದದ್ದು ಹೆಣದ ಗಾಡಿ. ಜನ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಒಬ್ಬಾತ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತನಂತೆ. ಆ ಗಾಡಿಯಲ್ಲಿರುವವರಿಗೆ ಅವಸರವಿರುತ್ತದೆ ಎಂದು ಯಾರಿಗೆ ತಾನೇ ಹೊಳೆಯಬೇಕು? ನಿಧಾನಣ್ಣ ರಸ್ತೆಗಿಳಿದು "ಬದುಕಿದಾಳೆ! ಬದುಕಿದಾಳೆ!" ಎಂದು ಕೂಗಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು ಕೆಲವರು. ಕೊನೆಗೆ ಒಬ್ಬ ಹೆಂಗಸು ಕಿಟಕಿಯಲ್ಲಿ ಇಣುಕಿ ನೋಡಿ ಕಿರುಚಿದಳು. ಆಮೇಲೆ ಎಲ್ಲರೂ ಸೇರಿ ತಳ್ಳಿದರು. ತುದಿ ಮುಟ್ಟಿದ ಮೇಲೆ ಗಾಡಿ ತಾನೇ ಉರುಳಿಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋಯಿತು.

ಡಾಕ್ಟರು ನೋಡಿದರು. "ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆ ಮಾತನ್ನು ಅವರು ಹೇಳಬಾರದಿತ್ತು. ದಿನಕ್ಕೆ ಎಷ್ಟು ಜನರಿಗೆ ಹೇಳುತ್ತಾರೋ, ಹೇಳಿ ಮರೆಯುತ್ತಾರೆ. ಕೇಳಿಸಿಕೊಂಡವರು ಅದನ್ನು ಮನೆಗೆ ಒಯ್ಯುತ್ತಾರೆ.

ಮಧ್ಯಾಹ್ನ ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ, ಅಷ್ಟು ಹೊತ್ತಿಗೆ ಸುದ್ದಿ ಬಂದಿತ್ತು. ಬೇರೆ ಗಾಡಿ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದರೂ ನಿಧಾನಣ್ಣ ಒಪ್ಪಿರಲಿಲ್ಲ. ಬೀದಿಯ ತಿರುವಿನಲ್ಲಿ ಬಿಳಿ ಮೂತಿ ಕಾಣಿಸಿತು. ಎಂದಿನ ವೇಗ. ಒಂದು ಕುಲುಕಿಲ್ಲ, ಒಂದು ಜಗ್ಗಿಲ್ಲ. ನನ್ನ ಮುಂದೆ ಹಾದುಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ. ಹೊಲಿಗೆ ಯಂತ್ರದ ಕಿಟಕಿಯ ಕೆಳಗೆ ತಂದು, ತೊಟ್ಟಿಲು ಇಳಿಸಿದ ಹಾಗೆ ನಿಲ್ಲಿಸಿದರು. ನಾನು ಅವತ್ತು ಅತ್ತಷ್ಟು ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಆಮೇಲೆ ಗಾಡಿ ಬಹಳ ದಿನ ಅಲ್ಲೇ ನಿಂತಿತ್ತು. ಮೇಲೆ ಧೂಳು ಕೂತಿತು. ಅದರ ಮೇಲೆ ಧೂಳನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಬೆಳಿಗ್ಗೆ ನಿಧಾನಣ್ಣ ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದರು. ಯಾವಾಗಿನ ಹಾಗೆ ಮೆಲ್ಲಗೆ ಗುಂಡಿಯ ಮೇಲೆ ನಿಲ್ಲಿಸಿ ಕೀಲಿಯನ್ನು ನನ್ನ ಕೈಗಿಟ್ಟರು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಒತ್ತಿದ್ರೆ ನಿಲ್ಲುತ್ತೆ ತಂಗಿ. ಏನಾಗಿದೆ ಹೇಳು. ರಿಪೇರಿ ಆಮೇಲಾಯ್ತು. ಮೊದಲು ಏನಾಗಿದೆ ಅಂತ ನನಗೆ ಗೊತ್ತಾಗ್ಬೇಕು."

"ನೋಡ್ತೀನಿ ಅಣ್ಣ. ನೀವು ಮನೆಗೆ ಹೋಗಿ, ನಾನೇ ಬಂದು ಹೇಳ್ತೀನಿ."

"ಮನೇಲಿ ಏನು ಮಾಡ್ಲಿ?" ಎಂದು ಅಲ್ಲೇ ಹಳೆಯ ಟೈರಿನ ಮೇಲೆ ಕೂತರು.

ಅವರಿಗೆ ಬೇಕಾಗಿದ್ದದ್ದು ರಿಪೇರಿಯಲ್ಲ, ತೀರ್ಪು. ಅದು ನನಗೆ ಆಗಲೇ ಗೊತ್ತಾಯಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದ ನಾನು ನ್ಯಾಯಾಧೀಶೆಯಾಗಬೇಕಾಗಿತ್ತು. ನನಗೆ ಬೇಡದ ಕೆಲಸ.

ನಿಂತಲ್ಲಿ ಎಂಜಿನ್ ಸೊಗಸಾಗಿತ್ತು. ಬಾನೆಟ್ ಮೇಲೆ ಲೋಟದಲ್ಲಿ ಟೀ ಇಟ್ಟರೆ ತುಳುಕದು. ಆದರೆ ನಿಂತ ಗಾಡಿಗಳೆಲ್ಲ ಸಾಧುವೇ. ರಸ್ತೆಗೆ ತೆಗೆದುಕೊಂಡು ಹೋಗಿ ನೋಡಬೇಕು. "ಬನ್ನಿ ಅಣ್ಣ, ಪಕ್ಕದಲ್ಲಿ ಕೂತ್ಕೊಳ್ಳಿ" ಎಂದೆ. ಅವರು ಮುಂದಿನ ಎಡ ಸೀಟನ್ನು ನೋಡಿ "ಬೇಡ, ನೀನೇ ಹೋಗಿ ಬಾ" ಎಂದರು. ನನ್ನ ನಾಲಿಗೆಗೆ ಯಾವಾಗ ಬುದ್ಧಿ ಬರುತ್ತದೋ.

ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದರೆ ಬೆಣ್ಣೆಯ ಹಾಗೆ ಹೋಯಿತು. ಒತ್ತಿದೆ. ಒಂದು ಕ್ಷಣ ಮುಂದೆ ಜಿಗಿಯಿತು, ಆಮೇಲೆ ಯಾರೋ ಕುತ್ತಿಗೆ ಹಿಡಿದ ಹಾಗೆ ದನಿ ಇಳಿದು, ನಡುಗಿ, ಸತ್ತಿತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಎದ್ದಿತು. ಎಷ್ಟು ಸಲ ಮಾಡಿದರೂ ಅದೇ ಕತೆ.

ಒತ್ತಿದಾಗ ಸಾಯುವ ಎಂಜಿನ್ ಎಂದರೆ ಮೊದಲು ಪೆಟ್ರೋಲಿನ ಮೇಲೆ ಅನುಮಾನ. ಹೆಚ್ಚು ಬೇಕೆಂದಾಗ ಹೆಚ್ಚು ಬರುತ್ತಿಲ್ಲ ಎಂದು. ಫಿಲ್ಟರ್ ಬಿಚ್ಚಿ ಬೇರೆ ಹಾಕಿದೆ. ಪಂಪಿನ ಒತ್ತಡ ಅಳೆದೆ, ಸರಿಯಾಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಓಡಿಸಿದೆ. ಇಲ್ಲ. ಆಮೇಲೆ ಗಾಳಿ. ಏರ್ ಫಿಲ್ಟರನ್ನು ಅವರೇ ಆಗಾಗ ಬಡಿದು ಚೊಕ್ಕ ಮಾಡಿಡುತ್ತಿದ್ದರು, ಅದರಲ್ಲಿ ಹುಳುಕಿಲ್ಲ. ಪ್ಲಗ್ಗು ಬಿಚ್ಚಿದರೆ ಮಸಿ ಹಿಡಿದಿತ್ತು. ಒರೆಸಿ ಹಾಕಿದೆ. ಗಾಳಿ ಒಳಗೆ ಹೋಗುವ ಬಾಯಿಯನ್ನು ಉಜ್ಜಿ ತೊಳೆದೆ. ಮತ್ತೆ ರಸ್ತೆಗೆ ಹೋದೆ, ಮತ್ತೆ ಸತ್ತಿತು. ಸಂಜೆಯ ಹೊತ್ತಿಗೆ ನಾನು ಗಾಡಿಗೆ ಬೈಯಲು ಶುರು ಮಾಡಿದ್ದೆ. ಬಾಯಿಗೆ ಬಂದದ್ದೆಲ್ಲ ಬೈದು, ಕೊನೆಗೆ "ಸವತಿ!" ಎಂದೂ ಬಂದುಬಿಟ್ಟಿತು. ಟೈರಿನ ಮೇಲೆ ಕೂತಿದ್ದವರು ಒಮ್ಮೆ ತಲೆ ಎತ್ತಿದರು. ನಾನು ಗುಂಡಿಗಿಳಿದು ಕೆಲಸವಿಲ್ಲದಿದ್ದರೂ ಅಲ್ಲೇ ನಿಂತೆ.

ಮಾರನೆಯ ದಿನ ಬೆಳಿಗ್ಗೆ ಕೈ ತೊಳೆಯುತ್ತಿದ್ದಾಗ ಆ ಮಸಿ ಹಿಡಿದ ಪ್ಲಗ್ಗುಗಳು ನೆನಪಾದವು. ಒಳಗೆ ಹೋಗುವ ದಾರಿಯನ್ನೇ ನೋಡುತ್ತಿದ್ದೇನಲ್ಲ, ಹೊರಗೆ ಬರುವ ದಾರಿ? ಎಂಜಿನ್ನೂ ನಮ್ಮ ಹಾಗೆಯೇ. ಎಳೆದುಕೊಂಡ ಉಸಿರು ಬಿಡಲು ಆಗದಿದ್ದರೆ ಮುಂದಿನ ಉಸಿರು ಎಳೆಯುವುದು ಹೇಗೆ?

ಹೊಗೆ ಕೊಳವೆಯ ಬಾಯಿಗೆ ಅಂಗೈ ಹಿಡಿದು ಕೂತೆ. "ಅಣ್ಣಾ, ಸ್ಟಾರ್ಟ್ ಮಾಡಿ. ನಾನು ಹೇಳಿದಾಗ ಒತ್ತಿ."

ಅವರು ಒಳಗೆ ಕೂತರು. ಎಂಜಿನ್ ಎದ್ದಿತು. ಕೈಗೆ ಬೆಚ್ಚಗೆ ಉಸಿರು ತಾಗಿತು.

"ಒತ್ತಿ."

ಏನೂ ಆಗಲಿಲ್ಲ.

"ಅಣ್ಣಾ, ಒತ್ತಿ!"

ಎದ್ದು ಹೋಗಿ ನೋಡಿದರೆ ಅವರ ಬಲಗಾಲು ಪೆಡಲಿನ ಮೇಲೇ ಇತ್ತು. ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. "ಆಗ್ತಿಲ್ಲ ತಂಗಿ" ಎಂದರು. ನಾನೇ ಒಂದು ಮರದ ತುಂಡನ್ನು ಪೆಡಲಿಗೆ ಆನಿಸಿ ಒತ್ತಿಟ್ಟು ಓಡಿಬಂದು ಕೈ ಹಿಡಿದೆ. ಹೊಗೆ ಜೋರಾಗಿ ನುಗ್ಗಿ ಕೈಯನ್ನು ದೂಡಬೇಕಿತ್ತು. ಬಂದದ್ದು ಮುದುಕರು ದೀಪ ಆರಿಸಲು ಊದಿದಷ್ಟು. ಎಂಜಿನ್ ಮುಲುಗಿ ನಿಂತಿತು.

ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಹೊಗೆ ಸೋಸುವ ಒಂದು ಡಬ್ಬಿ ಇರುತ್ತದೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಅದರ ಮುಂದಿನ ಜೋಡಣೆಯ ಬೋಲ್ಟುಗಳನ್ನು ಸಡಿಲಿಸಿ, ಹೊಗೆ ಅಲ್ಲಿಂದಲೇ ಹೊರಗೆ ಹೋಗುವ ಹಾಗೆ ಮಾಡಿ, ಒತ್ತಿದೆ. ಎಂಜಿನ್ ಘರ್ಜಿಸಿತು. ತಗಡಿನ ಸೂರು ಅದುರಿತು, ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು, ಇಸ್ತ್ರಿ ಅಂಗಡಿಯವಳು ಹೊರಗೆ ಓಡಿಬಂದಳು. ಎಷ್ಟು ಹೊತ್ತು ಒತ್ತಿ ಹಿಡಿದರೂ ಸಾಯಲಿಲ್ಲ. ರೋಗ ಸಿಕ್ಕಿತ್ತು. ಬೇರೆ ದಿನವಾಗಿದ್ದರೆ ನಾನು ಕುಣಿದಿರುತ್ತಿದ್ದೆ.

ಡಬ್ಬಿಯನ್ನು ಬಿಚ್ಚಿ ನೆಲಕ್ಕೆ ಕುಟ್ಟಿದೆ. ಕಾಡಿಗೆಯಂಥ ಮಸಿ ಸುರಿಯಿತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಂಥ ತೂತು ಬೆರಳೆಣಿಕೆಯಷ್ಟು. ನಿಧಾನಣ್ಣ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತಾವೂ ಬೆಳಕಿಗೆ ಹಿಡಿದು ನೋಡಿದರು.

"ಇದು ಹೀಗಾಗಿದ್ದು ನಿಧಾನಕ್ಕೆ ಓಡಿಸಿದ್ದಕ್ಕೆ ತಾನೇ?"

ಪೆಟ್ರೋಲ್ ಕಲಬೆರಕೆ ಅನ್ನಬಹುದಿತ್ತು. ಗಾಡಿಗೆ ವಯಸ್ಸಾಯಿತು ಅನ್ನಬಹುದಿತ್ತು. ಅಪ್ಪನ ಮಾತು ಅಡ್ಡ ಬಂತು. "ಹೌದು ಅಣ್ಣ" ಎಂದೆ. "ಬಿಸಿ ಆಗದೆ ಮಸಿ ಉಳ್ಕೊಂಡಿದೆ. ವರ್ಷಗಟ್ಟಲೆ."

"ನೀನು ಹೇಳಿದ್ದೆ."

"ನಾನು ಏನೇನೋ ಹೇಳ್ತಿರ್ತೀನಿ. ಯಾರು ಕೇಳ್ತಾರೆ."

ಅವರು ಡಬ್ಬಿಯನ್ನು ಕೆಳಗಿಟ್ಟು ನಲ್ಲಿಯ ಹತ್ತಿರ ಹೋದರು. ಸೋಪು ಹಾಕಿ ಕೈ ತೊಳೆದರು, ಮತ್ತೆ ಹಾಕಿ ಮತ್ತೆ ತೊಳೆದರು. ಮಸಿ ಯಾವಾಗಲೋ ಹೋಗಿತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಆ ಸತ್ಯ ಹೇಳಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸತ್ತ ಮಗುವಿಗೆ ಕೂಡ ಎಚ್ಚರವಾಗಬಾರದು ಎಂದು ಕಾಲು ಬಿಗಿ ಹಿಡಿದ ಮನುಷ್ಯ ಇವರು. ಆ ಒಳ್ಳೆಯತನವೇ ಕಣಕಣವಾಗಿ ಕೂತು ಡಬ್ಬಿ ಕಟ್ಟಿಹೋಗಿತ್ತು. ಇದನ್ನು ನ್ಯಾಯ ಎನ್ನುವವರು ಯಾರಾದರೂ ಇದ್ದರೆ ನನ್ನ ಎದುರಿಗೆ ಬರಲಿ.

ಬೇರೆ ಡಬ್ಬಿ ತರಿಸಿ ಕೂರಿಸಿದೆ. ಹಳೆಯ ಬೋಲ್ಟು ಒಂದೂ ಉಪಯೋಗಿಸಲಿಲ್ಲ. ಒರೆಸಿದೆ ಕೂಡ, ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ. ಅವರಿಗೆ ಕೀಲಿ ಕೊಡಲು ಹೋದರೆ, "ಒತ್ತಿ ನೋಡಿದ್ಯಾ?" ಎಂದು ಕೇಳಿದರು.

"ನೋಡ್ದೆ. ಓಡುತ್ತೆ."

"ಸೇತುವೆ ಮೇಲೆ?"

ಕೀಲಿ ನನ್ನ ಕೈಯಲ್ಲೇ ಉಳಿಯಿತು. ಅವರೇ ಹೋಗಿ ಮುಂದಿನ ಎಡ ಬಾಗಿಲು ತೆಗೆದರು. ಸ್ವಲ್ಪ ಹೊತ್ತು ಸೀಟನ್ನು ನೋಡಿದರು. ಆಮೇಲೆ ಕೂತರು.

ಸೇತುವೆಯ ಬುಡಕ್ಕೆ ಬಂದಾಗ "ಒತ್ತು" ಎಂದರು. ನಾನು ಒತ್ತಿದೆ. ಗಾಡಿ ಆ ಏರನ್ನು ಏರು ಎಂದೇ ಎಣಿಸಲಿಲ್ಲ. ಮುಂದಿದ್ದ ಸೈಕಲ್ಲು, ತಳ್ಳುಗಾಡಿ, ವ್ಯಾನು, ಎಲ್ಲವನ್ನೂ ಹಿಂದೆ ಹಾಕಿ ಮೇಲೆ ಹೋಯಿತು. ಹೆಣದ ಗಾಡಿ ಹಾಗೆ ನುಗ್ಗುವುದನ್ನು ಕಂಡು ಜನ ಬಾಯಿ ಬಿಟ್ಟುಕೊಂಡು ನಿಂತರು. ನಿಧಾನಣ್ಣ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡು "ಇಷ್ಟು ಓಡುತ್ತಾ ಇದು?" ಎಂದರು. ಮತ್ತೆ ಅದನ್ನೇ ಹೇಳಿದರು. ತುದಿಯಲ್ಲಿ ಪಕ್ಕಕ್ಕೆ ನಿಲ್ಲಿಸು ಎಂದು ಕೈ ತೋರಿಸಿದರು.

ಕೆಳಗೆ ಹಳಿಗಳು. ಆ ಕಡೆ ಆಸ್ಪತ್ರೆಯ ಗೇಟು ಇಲ್ಲಿಂದಲೇ ಕಾಣುತ್ತದೆ. ಅಷ್ಟು ಹತ್ತಿರ.

"ಅವಳು ಇಲ್ಲೇ ಕೂತಿದ್ಲು" ಎಂದರು. "ನಾನು ಒತ್ತೊತ್ತಿ ಒದ್ದಾಡ್ತಿದ್ದೆ. ನನ್ನ ಕೈ ಮೇಲೆ ಕೈ ಇಟ್ಟು, ನಿಧಾನವಾಗಿ ಹೋಗ್ರೀ ಅಂದ್ಲು. ಜೀವನಪೂರ್ತಿ ಆ ಮಾತು ಕೇಳ್ದೆ ತಂಗಿ. ಅವತ್ತೊಂದಿನ ಕೇಳ್ಲಿಲ್ಲ."

ನಾನು ಎಂಜಿನ್ ಆರಿಸಿದೆ.

"ನೀನು ಗಾಡಿ ವಿಷಯದಲ್ಲಿ ಸುಳ್ಳು ಹೇಳೋಳಲ್ಲ. ಅದಕ್ಕೇ ಕೇಳ್ತಿದೀನಿ. ಒತ್ತದೆ, ಯಾವಾಗಿನ ಥರ ನಿಧಾನಕ್ಕೇ ಬಂದಿದ್ರೆ, ತಲುಪ್ತಿತ್ತಾ?"

ತಲುಪುತ್ತಿತ್ತು. ಆ ಡಬ್ಬಿಯಲ್ಲಿ ನಿಧಾನದ ಹೊಗೆಗೆ ಬೇಕಾದಷ್ಟು ತೂತು ಉಳಿದಿದ್ದವು. ಅವರು ಎಂದಿನ ಹಾಗೆ, ಸಂತೆಗೆ ಹೋಗುವ ಹಾಗೆ, ಸಣ್ಣ ಗೇರಿನಲ್ಲಿ ಮೆಲ್ಲಗೆ ಹತ್ತಿಸಿದ್ದರೆ ಗಾಡಿ ಎಲ್ಲೂ ನಿಲ್ಲದೆ ಗೇಟಿನವರೆಗೆ ಹೋಗುತ್ತಿತ್ತು. ಡಾಕ್ಟರರ ಆ "ಸ್ವಲ್ಪ ಮುಂಚೆ" ಎಂಬುದು ಸಿಕ್ಕಿರುತ್ತಿತ್ತು. ಇದು ನನಗೆ ಬೋಲ್ಟು ಸಡಿಲಿಸಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಇಲ್ಲ ಅಣ್ಣ" ಎಂದೆ. "ಅವತ್ತು ಅದು ಹೇಗೆ ಓಡಿಸಿದ್ರೂ ನಿಲ್ತಿತ್ತು. ಪೂರ್ತಿ ಕಟ್ಕೊಂಡಿತ್ತು. ನಿಧಾನಕ್ಕೆ ಹೋಗಿದ್ರೂ ಏರಲ್ಲಿ ನಿಲ್ತಿತ್ತು. ನಿಮ್ಮ ಕೈಲಿ ಏನೂ ಇರ್ಲಿಲ್ಲ."

ಅಪ್ಪ ಎಲ್ಲಿದ್ದಾನೋ, ಬೈದರೆ ಬೈಯಲಿ ಎಂದುಕೊಂಡೆ.

ನಿಧಾನಣ್ಣ ತಲೆ ಆಡಿಸಿದರು. ಒಂದು ರೈಲು ಬಂದು ಸೇತುವೆಯ ಕೆಳಗೆ ಹಾದುಹೋಯಿತು. ಆಮೇಲೆ, ನನಗೆ ನೋವಾಗಬಾರದು ಎನ್ನುವ ಹಾಗೆ ಮೆತ್ತಗೆ ಹೇಳಿದರು:

"ಅವಳನ್ನ ಹಿಂದೆ ಮಲಗಿಸ್ಕೊಂಡು ವಾಪಸ್ ಬಂದ್ನಲ್ಲ. ಇದೇ ಸೇತುವೆ, ಆ ಕಡೆಯಿಂದ ಹತ್ತಿಸ್ದೆ. ನಿಧಾನಕ್ಕೆ ಬಂದೆ. ಎಲ್ಲೂ ನಿಲ್ಲಲಿಲ್ಲ. ನೀನೂ ಬಾಗಿಲಲ್ಲಿ ನಿಂತು ನೋಡ್ತಿದ್ದೆ."

ಸ್ಟೀರಿಂಗಿಗೆ ಹಣೆ ಇಟ್ಟು ಅತ್ತೆ. ಸಮಾಧಾನ ಮಾಡಬೇಕಾದವಳು ನಾನು, ಮಾಡಿದ್ದು ಅವರು. "ಅಳಬೇಡ. ಬಿಡು ತಂಗಿ. ನೀನು ಇಲ್ಲ ಅಂದಿದ್ದು ಒಳ್ಳೇದಾಯ್ತು. ಯಾರಾದ್ರೂ ಒಬ್ರು ಹಾಗನ್ನಲಿ ಅಂತಿತ್ತು" ಎಂದು ಬೆನ್ನು ತಟ್ಟಿದರು.

ಆಮೇಲೆ ಇಳಿದು ಈ ಕಡೆ ಬಂದು, ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದರು. ನಾನು ಅತ್ತಿಗೆಯ ಸೀಟಿಗೆ ಸರಿದು ಕೂತೆ. ಅವರು ಕನ್ನಡಿ ಸರಿಮಾಡಿಕೊಂಡು, ಹಿಂದಿನ ಖಾಲಿ ಹಾಸನ್ನು ಒಮ್ಮೆ ತಿರುಗಿ ನೋಡಿ, ಗಾಡಿಯನ್ನು ಮನೆ ಕಡೆಗೆ ತಿರುಗಿಸಿಕೊಂಡು ಸೇತುವೆ ಇಳಿದರು. ನಮ್ಮ ಬೀದಿ ಬರುವವರೆಗೂ ಸೈಕಲ್ಲಿನವರು, ತಳ್ಳುಗಾಡಿಯವರು, ನಡೆದು ಹೋಗುವವರು ಕೂಡ ಒಬ್ಬೊಬ್ಬರಾಗಿ ನಮ್ಮನ್ನು ದಾಟಿಕೊಂಡು ಹೋದರು. ಗಾಡಿ ಎಲ್ಲೂ ನಿಲ್ಲಲಿಲ್ಲ.